ಪರ್ಮೆನಿಡೀಸನಿಗೆ ಉತ್ತರ ಕೊಟ್ಟವರು: ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಅಂಕಣದಲ್ಲಿ ಪರ್ಮೆನಿಡೀಸನ ವಾದವನ್ನು ಪರಿಚಯಿಸಿದ್ದೆ. ಕ್ರಿ.ಪೂ. 5ನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ಎಲಿಯಾ ಎಂಬ ಗ್ರೀಕ್ ಪಟ್ಟಣದಲ್ಲಿದ್ದ ಈತ ತನ್ನ ತತ್ತ್ವವನ್ನು ಪದ್ಯದಲ್ಲಿ ಬರೆದ. ಅದರ ತಿರುಳು ಇಷ್ಟೇ: ಇರುವುದು ಇದೆ, ಇಲ್ಲದ್ದು ಇಲ್ಲ. ಹೊಸದೊಂದು ಹುಟ್ಟಬೇಕಾದರೆ ಅದು ‘ಇಲ್ಲ’ದರಿಂದಲೇ ಹುಟ್ಟಬೇಕು; ‘ಇಲ್ಲ’ ಎಂಬುದೇ ಇಲ್ಲವಾದ್ದರಿಂದ ಹುಟ್ಟು, ನಾಶ, ಬದಲಾವಣೆ, ಚಲನೆ ಯಾವುವೂ ನಿಜವಲ್ಲ. ಇದನ್ನು ಓದಿ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕೊನೆಯ ಪತ್ರ ನನ್ನ ತಪ್ಪೊಂದನ್ನು ತಿದ್ದಿದೆ.

ಪ್ರಶ್ನೆ: ಡೆಮಾಕ್ರಿಟಸ್ ಎರಡು ಸಾವಿರದ ನಾನ್ನೂರು ವರ್ಷಗಳ ಹಿಂದೆಯೇ ಪರಮಾಣುವನ್ನು ಕಂಡುಹಿಡಿದಿದ್ದ ಎಂದು ಶಾಲೆಯ ದಿನಗಳಿಂದಲೂ ಓದುತ್ತಿದ್ದೇನೆ. ಪ್ರಯೋಗಾಲಯವಿಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಆಧುನಿಕ ವಿಜ್ಞಾನ ಅವನ ಮಾತನ್ನೇ ಸಾಬೀತುಪಡಿಸಿತು ಎನ್ನಬಹುದೇ?

ಉತ್ತರ: ‘ಕಂಡುಹಿಡಿದ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಗ್ರೀಕ್ ತತ್ತ್ವಜ್ಞರಾದ ಲ್ಯೂಸಿಪಸ್ ಮತ್ತು ಅಬ್ಡೇರಾ ಪಟ್ಟಣದ ಡೆಮಾಕ್ರಿಟಸ್ ಯಾವ ವಸ್ತುವನ್ನೂ ಪರೀಕ್ಷಿಸಿ ಪರಮಾಣುವಿನ ಬಳಿಗೆ ಬಂದವರಲ್ಲ. ಅವರ ಮುಂದಿದ್ದದ್ದು ಪರ್ಮೆನಿಡೀಸನ ವಾದ. ಆ ವಾದದ ಅರ್ಧವನ್ನು ಅವರು ಒಪ್ಪಿಕೊಂಡರು: ನಿಜವಾಗಿ ಇರುವುದು ಹುಟ್ಟುವುದಿಲ್ಲ, ಅಳಿಯುವುದಿಲ್ಲ, ಒಳಗಿನಿಂದ ಬದಲಾಗುವುದಿಲ್ಲ, ಅದನ್ನು ತುಂಡರಿಸಲಾಗದು. ಉಳಿದರ್ಧವನ್ನು ಅವರು ನಿರಾಕರಿಸಿದರು: ಅಂಥದ್ದು ಒಂದೇ ಅಲ್ಲ, ಲೆಕ್ಕವಿಲ್ಲದಷ್ಟು ಇವೆ, ಮತ್ತು ಅವುಗಳ ನಡುವೆ ಬರಿದಾದ ಅವಕಾಶವಿದೆ. ‘ಇಲ್ಲದ್ದೂ ಇರುವುದರಷ್ಟೇ ಇದೆ’ ಎಂಬ ಈ ದಿಟ್ಟ ಹೆಜ್ಜೆಯೇ ಅವರ ನಿಜವಾದ ಸಾಹಸ ಎಂದು ನನ್ನ ಭಾವನೆ. ಬರಿದು ಇದ್ದರೆ ಚಲನೆಗೆ ಜಾಗ ಸಿಕ್ಕಿತು. ಚಲನೆ ಇದ್ದರೆ ಕೂಡುವುದು, ಬಿಡುವುದು ಸಾಧ್ಯವಾಯಿತು. ನಾವು ಹುಟ್ಟು, ಸಾವು ಎನ್ನುವುದೆಲ್ಲ ಈ ಕೂಡುವಿಕೆ, ಬಿಡುವಿಕೆಗಳಾದವು. ಗ್ರೀಕಿನಲ್ಲಿ ‘ಆಟೊಮೊಸ್’ ಎಂದರೆ ಕತ್ತರಿಸಲಾಗದ್ದು. ಆ ಹೆಸರಿನಲ್ಲಿಯೇ ಪರ್ಮೆನಿಡೀಸನ ಪ್ರಭಾವ ಉಳಿದುಕೊಂಡಿದೆ.

ಈಗ ಆಧುನಿಕ ಪರಮಾಣುವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 19ನೆಯ ಶತಮಾನದ ಆರಂಭದಲ್ಲಿ ಡಾಲ್ಟನ್ ಪರಮಾಣುಗಳ ಮಾತೆತ್ತಿದ್ದು, ಧಾತುಗಳು ಪರಸ್ಪರ ಸೇರುವಾಗ ಅವುಗಳ ತೂಕಗಳ ನಡುವೆ ಕಂಡುಬರುವ ಅನುಪಾತಗಳನ್ನು ವಿವರಿಸುವುದಕ್ಕೆ. 1905ರಲ್ಲಿ ಐನ್‌ಸ್ಟೈನ್, ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಚಡಪಡಿಕೆಯನ್ನು ಅಣುಗಳ ಡಿಕ್ಕಿಯಿಂದ ಲೆಕ್ಕ ಹಾಕಿ ತೋರಿಸಿದ. ಅದಾದ ಕೆಲವೇ ವರ್ಷಗಳಲ್ಲಿ ಜಾನ್ ಪೆರಾನ್ ಆ ಲೆಕ್ಕವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಅಳೆದು ನೋಡಿದ. ಅಲ್ಲಿಯವರೆಗೆ ಪರಮಾಣುವನ್ನು ನಂಬದಿದ್ದ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್ ಆಗ ಮನಸ್ಸು ಬದಲಾಯಿಸಿದ. ಆದರೆ ಅಷ್ಟು ಹೊತ್ತಿಗಾಗಲೇ, 1897ರಲ್ಲಿ, ಜೆ.ಜೆ. ಥಾಮ್ಸನ್ ಪರಮಾಣುವಿಗಿಂತ ಬಹಳ ಹಗುರವಾದ ಎಲೆಕ್ಟ್ರಾನನ್ನು ತೋರಿಸಿಯಾಗಿತ್ತು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನೊಳಗೆ ನ್ಯೂಕ್ಲಿಯಸ್ ಇದೆಯೆಂದ. ಅಂದರೆ ‘ಕತ್ತರಿಸಲಾಗದ್ದು’ ನಿಜವಾಗಿ ಇದೆಯೆಂದು ಎಲ್ಲರೂ ಒಪ್ಪುವ ವೇಳೆಗೆ, ಅದನ್ನು ಕತ್ತರಿಸಬಹುದೆಂಬುದೂ ಗೊತ್ತಾಗಿತ್ತು! ಇಂದಿನ ಕ್ಷೇತ್ರ ಸಿದ್ಧಾಂತದಲ್ಲಂತೂ ಎಲೆಕ್ಟ್ರಾನ್ ಒಂದು ಗಟ್ಟಿ ಗುಂಡಲ್ಲ, ಎಲ್ಲೆಡೆ ಹಬ್ಬಿದ ಕ್ಷೇತ್ರವೊಂದರ ಕಂಪನ. ಅದು ಹುಟ್ಟಬಹುದು, ಅಳಿಯಬಹುದು. ನಿರ್ವಾತವೂ ಡೆಮಾಕ್ರಿಟಸನ ಬರಿದಲ್ಲ, ಅಲ್ಲಿಯೂ ಕ್ಷೇತ್ರಗಳಿವೆ.

ಹಾಗಾದರೆ ಅವನಿಂದ ಉಳಿದದ್ದೇನು? ನನ್ನ ಮಟ್ಟಿಗೆ ಪರಮಾಣುವಿಗಿಂತ ದೊಡ್ಡದು ಅವನ ಇನ್ನೊಂದು ಮಾತು. ಸಿಹಿ, ಕಹಿ, ಬಿಸಿ, ತಣ್ಣಗೆ, ಬಣ್ಣ ಇವೆಲ್ಲ ರೂಢಿಯ ಮಾತು, ನಿಜವಾಗಿ ಇರುವುದು ಪರಮಾಣು ಮತ್ತು ಬರಿದು ಮಾತ್ರ ಎಂದು ಅವನು ಹೇಳಿದ. ಹಾಗೆ ಹೇಳಿದವನೇ, ವೈದ್ಯ ಗೇಲೆನ್ ಉಳಿಸಿಕೊಟ್ಟಿರುವ ಒಂದು ತುಣುಕಿನಲ್ಲಿ, ಇಂದ್ರಿಯಗಳ ಕೈಯಲ್ಲಿ ಬುದ್ಧಿಗೆ ಮರುಮಾತು ಹೇಳಿಸುತ್ತಾನೆ: ಸಾಕ್ಷ್ಯವನ್ನೆಲ್ಲ ನಮ್ಮಿಂದಲೇ ಪಡೆದು ನಮ್ಮನ್ನೇ ಕೆಡವುತ್ತೀಯಾ, ನಾವು ಬಿದ್ದರೆ ನೀನೂ ಬಿದ್ದಂತೆ. ಭೌತವಿಜ್ಞಾನ ಹೇಳುವ ಬಣ್ಣವಿಲ್ಲದ, ರುಚಿಯಿಲ್ಲದ ಜಗತ್ತಿಗೂ, ಆ ವಿಜ್ಞಾನಕ್ಕೆ ಸಾಕ್ಷ್ಯ ಒದಗಿಸುವ ಕಣ್ಣಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೆ ಬಗೆಹರಿದಿಲ್ಲ. ತನ್ನ ಸಿದ್ಧಾಂತಕ್ಕೆ ಅತ್ಯಂತ ಕಠಿಣವಾದ ಆಕ್ಷೇಪವನ್ನು ತಾನೇ ಬರೆದಿಟ್ಟ ಮನುಷ್ಯನನ್ನು, ಊಹೆ ಫಲಿಸಿದ ಜ್ಯೋತಿಷಿಯಂತೆ ಹೊಗಳುವುದು ಅವನಿಗೆ ಮಾಡುವ ಅನ್ಯಾಯ.

ಪ್ರಶ್ನೆ: ‘ಮೆಟಾಫಿಸಿಕ್ಸ್’ ಎಂದರೆ ಭೌತಲೋಕವನ್ನು ಮೀರಿದ್ದು, ಅಂದರೆ ಆತ್ಮ, ಪರಲೋಕಗಳ ಶಾಸ್ತ್ರ ಎಂದಲ್ಲವೇ? ಅದಕ್ಕೂ ವಿಜ್ಞಾನಕ್ಕೂ ಯಾವ ಸಂಬಂಧ?

ಉತ್ತರ: ಹೆಸರು ಗ್ರಂಥಾಲಯದ ಕಪಾಟಿನಿಂದ ಬಂದದ್ದು. ಕ್ರಿ.ಪೂ. 1ನೆಯ ಶತಮಾನದಲ್ಲಿ ರೋಡ್ಸ್‌ನ ಆಂಡ್ರೋನಿಕಸ್ ಅರಿಸ್ಟಾಟಲನ ಬರಹಗಳನ್ನು ಜೋಡಿಸಿದಾಗ, ಭೌತಶಾಸ್ತ್ರದ ಪುಸ್ತಕಗಳ ನಂತರ ಇಟ್ಟ ಪುಸ್ತಕಗಳಿಗೆ ‘ಭೌತದ ನಂತರದವು’ ಎಂಬರ್ಥದ ಹೆಸರು ಬಂತೆಂದು ಪರಂಪರೆ ಹೇಳುತ್ತದೆ. ಅರಿಸ್ಟಾಟಲ್ ಆ ಪದವನ್ನು ಬಳಸಿಲ್ಲ. ಅವನು ಅದನ್ನು ಮೊದಲ ತತ್ತ್ವಶಾಸ್ತ್ರ ಎಂದು ಕರೆದ. ಇರುವುದನ್ನು, ಅದು ಇರುವುದೆಂಬ ಒಂದೇ ಕಾರಣಕ್ಕೆ, ವಿಚಾರಿಸುವ ಶಾಸ್ತ್ರ ಎಂದ. ಅದರಲ್ಲಿ ದೇವರ ಮಾತು ಬರುವುದು ನಿಜ, ಆದರೆ ಹೆಚ್ಚಿನ ಪುಟಗಳು ಕಂಚಿನ ಮೂರ್ತಿಯಲ್ಲಿ ಕಂಚು ಯಾವುದು ರೂಪ ಯಾವುದು, ಒಂದು ವಸ್ತು ಒಂದೇ ಆಗಿರುವುದು ಯಾವುದರಿಂದ ಎಂಬಂಥ ವಿಚಾರಗಳಿಗೆ ಮೀಸಲಾಗಿವೆ. ಕನ್ನಡದಲ್ಲಿ ನಾವು ‘ಪರ’, ‘ಅತೀತ’ ಎಂಬ ಪದಗಳನ್ನು ಸೇರಿಸಿ ಅದನ್ನು ಅನುವಾದಿಸುವುದರಿಂದ ಗೊಂದಲ ಹೆಚ್ಚಾಗಿದೆ. ‘ಸತ್ತಾಮೀಮಾಂಸೆ’ ಎಂಬುದು ಹೆಚ್ಚು ಪ್ರಾಮಾಣಿಕವಾದ ಹೆಸರು. ಇನ್ನು ಸಂಬಂಧದ ಮಾತು. 1932ರಲ್ಲಿ ತತ್ತ್ವಶಾಸ್ತ್ರಜ್ಞ ರುಡಾಲ್ಫ್ ಕಾರ್ನಾಪ್ ಮೆಟಾಫಿಸಿಕ್ಸಿನ ವಾಕ್ಯಗಳೆಲ್ಲ ಸುಳ್ಳೂ ಅಲ್ಲ, ಬರೀ ಅರ್ಥಹೀನ ಎಂದು ವಾದಿಸಿದ. ಆದರೆ ಸಂಖ್ಯೆಗಳು ನಿಜವಾಗಿ ಇವೆಯೇ, ನಿಯಮವೊಂದು ವಸ್ತುಗಳನ್ನು ನಿಯಂತ್ರಿಸುತ್ತದೆಯೇ ಅಥವಾ ಅವುಗಳ ನಡೆಯನ್ನು ವರ್ಣಿಸುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳದೆ ಭೌತವಿಜ್ಞಾನದ ಒಂದು ಪುಟವನ್ನು ಅರ್ಥೈಸುವುದೂ ಕಷ್ಟ. ಕಾರ್ನಾಪನ ಗೆಳೆಯನೇ ಆಗಿದ್ದ ತತ್ತ್ವಶಾಸ್ತ್ರಜ್ಞ ಕ್ವೈನ್ 1948ರ ಹೊತ್ತಿಗೆ, ಏನೇನು ಇದೆ ಎಂಬ ಪ್ರಶ್ನೆಯನ್ನು ಮತ್ತೆ ಒಳಬಾಗಿಲಿನಿಂದ ಕರೆತಂದ.

ಪ್ರಶ್ನೆ: ಜೀನೋನ ಆಮೆ ಮತ್ತು ಅಕಿಲಿಸನ ಸಮಸ್ಯೆಯನ್ನು ಕಲನಶಾಸ್ತ್ರ (ಕ್ಯಾಲ್ಕುಲಸ್) ಎಂದೋ ಬಗೆಹರಿಸಿದೆ ಎಂದು ನನ್ನ ಗಣಿತದ ಮೇಷ್ಟ್ರು ಹೇಳುತ್ತಿದ್ದರು. ತತ್ತ್ವಶಾಸ್ತ್ರದವರು ಇನ್ನೂ ಅದನ್ನೇ ಏಕೆ ಚರ್ಚಿಸುತ್ತಾರೆ?

ಉತ್ತರ: ಪರ್ಮೆನಿಡೀಸನ ಶಿಷ್ಯ ಜೀನೋ, ಮುಂದೆ ಹೊರಟ ಆಮೆಯನ್ನು ವೇಗದ ಓಟಗಾರ ಅಕಿಲಿಸ್ ಎಂದಿಗೂ ಹಿಂದಿಕ್ಕಲಾರ ಎಂದು ವಾದಿಸಿ, ಚಲನೆ ನಿಜವಲ್ಲ ಎಂಬ ಗುರುವಿನ ಮಾತನ್ನು ಸಮರ್ಥಿಸಿದ. ನಿಮ್ಮ ಮೇಷ್ಟ್ರು ಹೇಳಿದ್ದು ಮುಕ್ಕಾಲು ಪಾಲು ಸರಿ. ಲೆಕ್ಕವನ್ನು ಒಮ್ಮೆ ಮಾಡಿಯೇ ಬಿಡೋಣ. ಅಕಿಲಿಸ್ ಸೆಕೆಂಡಿಗೆ 10 ಮೀಟರ್ ಓಡುತ್ತಾನೆ, ಆಮೆ 1 ಮೀಟರ್ (ಬಲು ಚುರುಕಾದ ಆಮೆಯೇ ಸರಿ), ಆಮೆಗೆ 100 ಮೀಟರ್ ಮುಂದಿನ ಜಾಗ ಕೊಡಲಾಗಿದೆ. ಅಕಿಲಿಸ್ ಆ 100 ಮೀಟರ್ ಓಡುವ 10 ಸೆಕೆಂಡಿನಲ್ಲಿ ಆಮೆ 10 ಮೀಟರ್ ಮುಂದೆ ಹೋಗಿರುತ್ತದೆ; ಆ 10 ಮೀಟರ್ ಓಡುವ 1 ಸೆಕೆಂಡಿನಲ್ಲಿ ಅದು ಇನ್ನೂ 1 ಮೀಟರ್ ಮುಂದಿರುತ್ತದೆ; ಹೀಗೆ ಪ್ರತಿ ಸಲವೂ ಅಂತರ ಹತ್ತನೆಯ ಒಂದು ಪಾಲಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ಆದರೆ ಈ ಕಾಲಗಳನ್ನು ಕೂಡಿಸಿ: 10, 1, 0.1, 0.01 ಎಂದು ಮುಂದುವರಿಯುವ ಶ್ರೇಣಿಯ ಮೊತ್ತ 100/9, ಅಂದರೆ 11.11 ಸೆಕೆಂಡಿಗೆ ತುಸು ಹೆಚ್ಚು. 12ನೆಯ ಸೆಕೆಂಡಿನಲ್ಲಿ ಅಕಿಲಿಸ್ ಮುಂದಿರುತ್ತಾನೆ. ಕೊನೆಯಿಲ್ಲದಷ್ಟು ಪದಗಳಿರುವ ಶ್ರೇಣಿಗೂ ಮಿತವಾದ ಮೊತ್ತವಿರಬಹುದೆಂಬುದನ್ನು 19ನೆಯ ಶತಮಾನದಲ್ಲಿ ಗಣಿತಜ್ಞರಾದ ಕೋಶಿ ಮತ್ತು ವಯರ್‌ಸ್ಟ್ರಾಸ್ ಗಟ್ಟಿ ತಳಹದಿಯ ಮೇಲೆ ನಿಲ್ಲಿಸಿದರು. ಅಕಿಲಿಸನಿಗೆ ಅನಂತ ಕಾಲ ಬೇಕು ಎಂಬ ಆಕ್ಷೇಪ ಅಲ್ಲಿಗೆ ಬಿದ್ದುಹೋಯಿತು.

ಇಲ್ಲಿಯೇ ಒಂದು ಸಣ್ಣ ಮಾತು: ಅರಿಸ್ಟಾಟಲ್ ಈ ಸಮಸ್ಯೆಯನ್ನು ಹೇಳುವಾಗ ಆಮೆಯ ಹೆಸರೆತ್ತುವುದಿಲ್ಲ, ಎಲ್ಲರಿಗಿಂತ ನಿಧಾನವಾಗಿ ಓಡುವವನು ಎಂದಷ್ಟೇ ಹೇಳುತ್ತಾನೆ. ಆಮೆ ಕಥೆಗೆ ಬಂದು ಸೇರಿದ್ದು ಎಷ್ಟೋ ಶತಮಾನಗಳ ನಂತರದ ವ್ಯಾಖ್ಯಾನಕಾರರ ಕೈಯಿಂದ.

ಉಳಿದ ಕಾಲು ಪಾಲಿಗೆ ಬರೋಣ. ಗಣಿತ ‘ಮೊತ್ತ’ ಎಂದು ಕರೆಯುವುದು ಒಂದು ಮಿತಿಯನ್ನು, ಅಂದರೆ ಪದಗಳನ್ನು ಕೂಡಿಸುತ್ತ ಹೋದಂತೆ ನಾವು ಎಷ್ಟು ಬೇಕಾದರೂ ಹತ್ತಿರ ಹೋಗಬಹುದಾದ ಸಂಖ್ಯೆಯನ್ನು. ಅದು ನಾವು ಒಪ್ಪಿಕೊಂಡ ಒಂದು ವ್ಯಾಖ್ಯೆ, ಮತ್ತು ಬಹಳ ಒಳ್ಳೆಯ ವ್ಯಾಖ್ಯೆ. ಆದರೆ ಕೊನೆಯ ಹೆಜ್ಜೆಯೇ ಇಲ್ಲದ ಕೆಲಸಗಳ ಸರಣಿಯೊಂದನ್ನು ಮುಗಿಸುವುದೆಂದರೆ ಏನು ಎಂಬುದನ್ನು ವ್ಯಾಖ್ಯೆ ಹೇಳುವುದಿಲ್ಲ. 1954ರಲ್ಲಿ ಜೇಮ್ಸ್ ಥಾಮ್ಸನ್ ಎಂಬ ತತ್ತ್ವಶಾಸ್ತ್ರಜ್ಞ ಇದನ್ನು ಒಂದು ದೀಪದ ಮೂಲಕ ಬಿಡಿಸಿ ತೋರಿಸಿದ. ದೀಪವನ್ನು ಹಾಕಿ ಒಂದು ನಿಮಿಷ ಬಿಡಿ, ಆರಿಸಿ ಅರ್ಧ ನಿಮಿಷ, ಹಾಕಿ ಕಾಲು ನಿಮಿಷ, ಹೀಗೆ ಪ್ರತಿ ಸಲವೂ ಅರ್ಧಕ್ಕೆ ಇಳಿಸುತ್ತ ಹೋಗಿ. ಎರಡನೆಯ ನಿಮಿಷ ಮುಗಿದಾಗ ದೀಪ ಉರಿಯುತ್ತಿರುತ್ತದೆಯೇ, ಆರಿರುತ್ತದೆಯೇ? ಕಾಲದ ಮೊತ್ತ ಎರಡು ನಿಮಿಷ ಎಂಬುದರಲ್ಲಿ ಅನುಮಾನವಿಲ್ಲ. ದೀಪದ ಸ್ಥಿತಿಯನ್ನು ಮಾತ್ರ ಆ ಲೆಕ್ಕ ತಿಳಿಸುವುದಿಲ್ಲ, ಏಕೆಂದರೆ ಪ್ರತಿ ಬಾರಿ ಹಾಕಿದ ಮೇಲೂ ಆರಿಸಿದ್ದೇವೆ, ಪ್ರತಿ ಬಾರಿ ಆರಿಸಿದ ಮೇಲೂ ಹಾಕಿದ್ದೇವೆ. ಅಕಿಲಿಸನ ಓಟ ಇಂಥದ್ದೇ ಎನ್ನುವವರಿದ್ದಾರೆ, ಅಲ್ಲವೇ ಅಲ್ಲ ಎನ್ನುವವರೂ ಇದ್ದಾರೆ. ಓಟ ಒಂದೇ ಅಖಂಡ ಕ್ರಿಯೆ, ಅದನ್ನು ತುಂಡು ಮಾಡುವವರು ನಾವು ಎಂದು ಅರಿಸ್ಟಾಟಲನೇ ಹೇಳಿದ್ದ: ವಿಭಾಗಗಳು ಸಾಧ್ಯತೆಯಾಗಿ ಅನಂತ, ವಾಸ್ತವವಾಗಿ ಅಲ್ಲ. ನಾನು ಅವನ ಕಡೆಗೇ ವಾಲುತ್ತೇನೆ.

ಜೀನೋನ ಬಾಣ ಇನ್ನೂ ತೀಕ್ಷ್ಣವಾದದ್ದು. ಹಾರುವ ಬಾಣ ಪ್ರತಿ ಕ್ಷಣದಲ್ಲಿಯೂ ತನ್ನಷ್ಟೇ ಜಾಗದಲ್ಲಿ ಇರುತ್ತದೆ, ಅಂದರೆ ಆ ಕ್ಷಣದಲ್ಲಿ ಅದು ಚಲಿಸುತ್ತಿಲ್ಲ. ಯಾವ ಕ್ಷಣದಲ್ಲಿಯೂ ಚಲಿಸದ್ದು ಯಾವಾಗ ಚಲಿಸುತ್ತದೆ? ಬರ್ಟ್ರಂಡ್ ರಸೆಲ್ 20ನೆಯ ಶತಮಾನದ ಆರಂಭದಲ್ಲಿ ಕೊಟ್ಟ ಉತ್ತರ ಬೆರಗುಗೊಳಿಸುವಂಥದ್ದು: ಜೀನೋ ಹೇಳಿದ್ದು ಸರಿಯೇ, ಕ್ಷಣದೊಳಗೆ ಚಲನೆ ಎಂಬುದಿಲ್ಲ, ಬೇರೆ ಬೇರೆ ಕ್ಷಣಗಳಲ್ಲಿ ಬೇರೆ ಬೇರೆ ಜಾಗಗಳಲ್ಲಿ ಇರುವುದೇ ಚಲನೆ, ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ಒಪ್ಪಬಹುದು. ಆದರೆ ಇದನ್ನು ಒಪ್ಪಿದರೆ ಕ್ಷಣದ ವೇಗ ಎಂಬುದು ಆ ಕ್ಷಣದ ಗುಣವಲ್ಲ, ಅಕ್ಕಪಕ್ಕದ ಕ್ಷಣಗಳಿಂದ ಪಡೆದ ಸಾಲ. ಹಾಗಿದ್ದ ಮೇಲೆ, ಬಾಣದ ಈ ಕ್ಷಣದ ವೇಗವೇ ಅದರ ಮುಂದಿನ ಜಾಗಕ್ಕೆ ಕಾರಣ ಎಂದು ಹೇಳುವುದಕ್ಕೆ ನಮಗೆ ಯಾವ ಅಧಿಕಾರ? ಇದು ಇಂದಿಗೂ ಸಂಶೋಧನಾ ಪತ್ರಿಕೆಗಳಲ್ಲಿ ನಡೆಯುತ್ತಿರುವ ಜಗಳ.

ಇದೇ ಹೆಸರಿನ ಇನ್ನೊಂದು ವಿದ್ಯಮಾನವಿದೆ, ಅದನ್ನು ಇದರೊಂದಿಗೆ ಬೆರೆಸಬಾರದು. 1977ರಲ್ಲಿ ಬೈದ್ಯನಾಥ ಮಿಶ್ರಾ ಮತ್ತು ಇ.ಸಿ.ಜಿ. ಸುದರ್ಶನ್, ಒಂದು ಕ್ವಾಂಟಮ್ ವ್ಯವಸ್ಥೆಯನ್ನು ಮತ್ತೆ ಮತ್ತೆ ಅಳೆಯುತ್ತಿದ್ದರೆ ಅದು ಬದಲಾಗದೆ ನಿಂತಲ್ಲೇ ನಿಲ್ಲುತ್ತದೆ ಎಂದು ತೋರಿಸಿ ಅದಕ್ಕೆ ಜೀನೋನ ಹೆಸರಿಟ್ಟರು. 1990ರಲ್ಲಿ ಬೆರಿಲಿಯಮ್ ಅಯಾನುಗಳ ಮೇಲೆ ಅದನ್ನು ಪ್ರಯೋಗದಲ್ಲಿಯೂ ಕಂಡರು. ಅಲ್ಲಿ ಬದಲಾವಣೆಯನ್ನು ತಡೆಯುವುದು ಅಳತೆಯ ಕ್ರಿಯೆ. ಜೀನೋನ ಬಾಣವನ್ನು ಯಾರೂ ಮುಟ್ಟುವುದಿಲ್ಲ. ಅದನ್ನು ನಿಲ್ಲಿಸುವುದು ಬರೀ ತರ್ಕ.

ಪ್ರಶ್ನೆ: ಭಾರವಾದದ್ದು ಬೇಗ ಬೀಳುತ್ತದೆ ಎಂದ ಅರಿಸ್ಟಾಟಲನನ್ನು ವಿಜ್ಞಾನ ಎಂದೋ ಬದಿಗಿಟ್ಟಿದೆ. ಅವನ ಭೌತಶಾಸ್ತ್ರವನ್ನು ಇನ್ನೂ ಓದಿಸುವುದರಲ್ಲಿ ಏನರ್ಥ?

ಉತ್ತರ: ಒಂದೇ ಆಕಾರದ, ಒಂದೇ ಗಾತ್ರದ ಎರಡು ಗುಂಡುಗಳನ್ನು, ಒಂದು ಸೀಸದ್ದು ಇನ್ನೊಂದು ಗಾಜಿನದು, ಎತ್ತರದ ಜಾಡಿಯಲ್ಲಿರುವ ಎಣ್ಣೆಯೊಳಗೆ ಬಿಟ್ಟು ನೋಡಿ, ಸೀಸದ ಗುಂಡೇ ಮೊದಲು ತಳ ಮುಟ್ಟುತ್ತದೆ. ಅರಿಸ್ಟಾಟಲ್ ಬೀಳುವಿಕೆಯ ಮಾತಾಡಿದ್ದೆಲ್ಲ ಗಾಳಿ ಅಥವಾ ನೀರು ತುಂಬಿದ ಲೋಕದಲ್ಲಿ, ಏಕೆಂದರೆ ಬರಿದು ಎಂಬುದೇ ಇಲ್ಲವೆಂದು ಅವನು ನಂಬಿದ್ದ. ಹಾಗೆಂದು ಅವನ ಅನುಪಾತದ ಲೆಕ್ಕ ಸರಿಯಾಗುವುದಿಲ್ಲ. ಎರಡರಷ್ಟು ಭಾರಕ್ಕೆ ಅರ್ಧದಷ್ಟು ಕಾಲ ಎಂಬುದನ್ನು, ಎರಡೂ ಬೀಳುವ ಕಾಲದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ ಎಂದು ಹೇಳಿ, ಗೆಲಿಲಿಯೋಗಿಂತ ಸಾವಿರ ವರ್ಷ ಮೊದಲೇ, 6ನೆಯ ಶತಮಾನದಲ್ಲಿ, ಜಾನ್ ಫಿಲೋಪೋನಸ್ ಅಲ್ಲಗಳೆದಿದ್ದ.

ಆದರೆ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುವುದು ಅವನ ‘ಭೌತಶಾಸ್ತ್ರ’ದ ನಾಲ್ಕನೆಯ ಪುಸ್ತಕದ ಒಂದು ಜಾಗ. ಪರಮಾಣುವಾದಿಗಳ ಬರಿದನ್ನು ಅಲ್ಲಗಳೆಯುತ್ತ ಅವನು ಹೀಗೆ ವಾದಿಸುತ್ತಾನೆ: ಬರಿದಿನಲ್ಲಿ ಒಂದು ಜಾಗಕ್ಕೂ ಇನ್ನೊಂದಕ್ಕೂ ಭೇದವಿಲ್ಲ, ಆದ್ದರಿಂದ ಅಲ್ಲಿ ಚಲಿಸುತ್ತಿರುವ ವಸ್ತು ಇಲ್ಲೇ ಏಕೆ ನಿಲ್ಲಬೇಕು, ಅಲ್ಲೇಕೆ ನಿಲ್ಲಬಾರದು ಎಂಬುದಕ್ಕೆ ಕಾರಣವೇ ಇರುವುದಿಲ್ಲ, ಅದು ಒಂದೋ ನಿಂತೇ ಇರಬೇಕು, ಇಲ್ಲವೇ ಹೆಚ್ಚು ಬಲವಾದದ್ದೇನಾದರೂ ಅಡ್ಡ ಬರುವವರೆಗೆ ಕೊನೆಯಿಲ್ಲದೆ ಸಾಗುತ್ತಿರಬೇಕು. ಇದು 1687ರಲ್ಲಿ ನ್ಯೂಟನ್ ತನ್ನ ಮೊದಲ ನಿಯಮವಾಗಿ ಬರೆದದ್ದಕ್ಕೆ ಎಷ್ಟು ಹತ್ತಿರ! ಅರಿಸ್ಟಾಟಲ್ ಅದನ್ನು ಬರೆದದ್ದು ಮಾತ್ರ, ಇಂಥ ಅಸಂಬದ್ಧ ತೀರ್ಮಾನಕ್ಕೆ ಒಯ್ಯುವುದರಿಂದ ಬರಿದು ಇರಲಾರದು ಎಂದು ತೋರಿಸುವುದಕ್ಕೆ. ತರ್ಕ ಒಂದೇ, ಒಬ್ಬ ಅದನ್ನು ನಿಯಮ ಎಂದ, ಇನ್ನೊಬ್ಬ ಅಸಂಭವ ಎಂದ. ಇಬ್ಬರನ್ನು ಬೇರೆ ಮಾಡಿದ್ದು ಏನೇನು ಇರಲು ಸಾಧ್ಯ ಎಂಬ ಬಗ್ಗೆ ಅವರಿಗಿದ್ದ ಮೂಲ ಗ್ರಹಿಕೆ, ಅಂದರೆ ಸತ್ತಾಮೀಮಾಂಸೆ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಪರ್ಮೆನಿಡೀಸನಿಗೆ ಅವನು ಕೊಟ್ಟ ಉತ್ತರವೂ ಪೂರ್ತಿ ಹಳತಾಗಿಲ್ಲ. ಬೀಜದಲ್ಲಿ ಮರ ಇಲ್ಲ, ಹಾಗೆಂದು ಪೂರ್ತಿ ಇಲ್ಲವೂ ಅಲ್ಲ. ಅದು ಸಾಧ್ಯತೆಯಾಗಿ ಇದೆ. 1958ರ ತಮ್ಮ ಪುಸ್ತಕದಲ್ಲಿ ಹೈಸನ್‌ಬರ್ಗ್ ಅವರು ಕ್ವಾಂಟಮ್ ಸಂಭಾವ್ಯತೆಯ ಅಲೆಯನ್ನು ಈ ‘ಸಾಧ್ಯತೆ’ಗೆ ಹೋಲಿಸಿದರು. ಹೋಲಿಕೆ ಚೆನ್ನಾಗಿದೆ, ಆದರೆ ಅರಿಸ್ಟಾಟಲನ ಬೀಜಕ್ಕೆ ಒಂದು ಗುರಿಯಿದೆ, ಎಲೆಕ್ಟ್ರಾನಿಗೆ ಅಂಥದ್ದೇನೂ ಇಲ್ಲ.

ಪ್ರಶ್ನೆ: ಕಾಲ ಹರಿಯುವುದಿಲ್ಲ, ಭೂತ, ವರ್ತಮಾನ, ಭವಿಷ್ಯ ಎಲ್ಲವೂ ಒಟ್ಟಿಗೇ ಇವೆ ಎಂದು ಐನ್‌ಸ್ಟೈನ್ ಸಾಧಿಸಿದರಂತೆ. ಹಾಗಾದರೆ ಪರ್ಮೆನಿಡೀಸನೇ ಗೆದ್ದಂತಾಯಿತಲ್ಲ? ಮತ್ತೊಂದು ಮಾತು: ‘ಒಂದೇ ನದಿಗೆ ಎರಡು ಬಾರಿ ಇಳಿಯಲಾಗದು’ ಎಂಬುದು ಗ್ರೀಕ್ ತತ್ತ್ವಜ್ಞ ಹೆರಾಕ್ಲಿಟಸನ ಸ್ವಂತ ವಾಕ್ಯ ಎಂದು ನೀವು ಬರೆದಿದ್ದೀರಿ, ಅದು ಅವನ ವಾಕ್ಯವಲ್ಲ ಎಂದು ಬೇರೆಡೆ ಓದಿದೆ. ಯಾವುದು ಸರಿ?

ಉತ್ತರ: ಮೊದಲನೆಯದರಲ್ಲಿ ‘ಸಾಧಿಸಿದರು’ ಎಂಬ ಪದ ಹೆಚ್ಚಾಯಿತು. ಐನ್‌ಸ್ಟೈನರ 1905ರ ಸಾಪೇಕ್ಷತಾ ಸಿದ್ಧಾಂತ ಸಾಧಿಸಿದ್ದು ಇಷ್ಟು: ದೂರದ ಎರಡು ಘಟನೆಗಳು ಒಂದೇ ಕಾಲಕ್ಕೆ ನಡೆದವೇ ಎಂಬ ಪ್ರಶ್ನೆಗೆ, ಬೇರೆ ಬೇರೆ ವೇಗದಲ್ಲಿರುವವರು ಬೇರೆ ಬೇರೆ ಉತ್ತರ ಕೊಡುತ್ತಾರೆ, ಮತ್ತು ಯಾರ ಉತ್ತರವೂ ಇನ್ನೊಬ್ಬರದಕ್ಕಿಂತ ಹೆಚ್ಚು ನಿಜವಲ್ಲ. ರೋಜರ್ ಪೆನ್‌ರೋಸ್ ಜನಪ್ರಿಯಗೊಳಿಸಿದ ಉದಾಹರಣೆಯೊಂದರಲ್ಲಿ ಇಬ್ಬರು ದಾರಿಯಲ್ಲಿ ಎದುರುಬದುರಾಗಿ ನಡೆದು ಒಬ್ಬರನ್ನೊಬ್ಬರು ದಾಟುತ್ತಾರೆ. ಆಂಡ್ರೊಮಿಡ ನಕ್ಷತ್ರಪುಂಜ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಒಬ್ಬರು ಅದರತ್ತ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ, ಗಂಟೆಗೆ 5 ಕಿಲೋಮೀಟರಿನಂತೆ ನಡೆಯುತ್ತಿದ್ದರೆ, ಆಂಡ್ರೊಮಿಡದಲ್ಲಿ ‘ಈಗ’ ಏನು ನಡೆಯುತ್ತಿದೆ ಎಂಬ ಅವರಿಬ್ಬರ ಲೆಕ್ಕದಲ್ಲಿ ಸುಮಾರು 8 ದಿನಗಳ ಅಂತರವಿರುತ್ತದೆ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಲ್ಲಿರುವ ಇಬ್ಬರಲ್ಲಿ ಒಬ್ಬರಿಗೆ ಆಗಿಹೋದ ಘಟನೆ ಇನ್ನೊಬ್ಬರಿಗೆ ಇನ್ನೂ ಆಗಬೇಕಾದದ್ದು. ಇದರಿಂದ 1967ರಲ್ಲಿ ತತ್ತ್ವಶಾಸ್ತ್ರಜ್ಞ ಹಿಲರಿ ಪಟ್ನಮ್, ಭವಿಷ್ಯವೂ ವರ್ತಮಾನದಷ್ಟೇ ನಿಜ ಎಂದು ವಾದಿಸಿದ. ಪುರಾವೆ ಬಲವಾದದ್ದೇ, ಆದರೆ ಸಿದ್ಧಾಂತದಿಂದ ಆ ತೀರ್ಮಾನಕ್ಕೆ ಹೋಗಲು ‘ನನಗೆ ಏಕಕಾಲಿಕವಾದದ್ದೆಲ್ಲ ನನಗೆ ನಿಜ’ ಎಂಬ ಒಂದು ಮೆಟ್ಟಿಲು ಬೇಕು, ಮತ್ತು ಆ ಮೆಟ್ಟಿಲನ್ನು ಕಟ್ಟಿದ್ದು ಭೌತವಿಜ್ಞಾನವಲ್ಲ. ಅಷ್ಟು ದೂರದ ‘ಈಗ’ ಎಂಬುದೇ ನಮ್ಮ ಲೆಕ್ಕದ ಅನುಕೂಲಕ್ಕೆ ಎಳೆದ ಗೆರೆ ಎಂದರೆ ವಾದ ಅಲ್ಲಿಗೇ ನಿಲ್ಲುತ್ತದೆ.

ಐನ್‌ಸ್ಟೈನರಿಗೆ ಆ ಕಡೆಗೆ ಒಲವಿತ್ತೆಂಬುದು ನಿಜ. 1955ರ ಮಾರ್ಚಿನಲ್ಲಿ ಗೆಳೆಯ ಬೆಸ್ಸೊ ತೀರಿಕೊಂಡಾಗ ಅವರ ಮನೆಯವರಿಗೆ ಬರೆದ ಪತ್ರದಲ್ಲಿ, ಭೂತ, ವರ್ತಮಾನ, ಭವಿಷ್ಯಗಳ ಭೇದ ಎಷ್ಟೇ ಬಿಡದೆ ಕಾಡಿದರೂ ಒಂದು ಭ್ರಮೆ ಎಂಬರ್ಥದ ಮಾತು ಬರೆದರು. ಮರು ತಿಂಗಳೇ ತಾವೂ ತೀರಿಕೊಂಡರು. ಅದು ಸಾಂತ್ವನದ ಪತ್ರ, ಪ್ರಮೇಯವಲ್ಲ. ತತ್ತ್ವಶಾಸ್ತ್ರಜ್ಞ ಕಾರ್ಲ್ ಪಾಪರ್, ಐನ್‌ಸ್ಟೈನರೊಂದಿಗೆ ವಾದಿಸುವಾಗ, ಅವರನ್ನು ‘ಪರ್ಮೆನಿಡೀಸ್’ ಎಂದೇ ಕರೆದಿದ್ದರಂತೆ. ಪಾಪರ್ ಎತ್ತಿದ ಆಕ್ಷೇಪ ಸರಳವಾದದ್ದು: ಬದಲಾವಣೆ ಬರೀ ಭ್ರಮೆಯಾದರೂ, ಆ ಭ್ರಮೆಯಲ್ಲಿಯಾದರೂ ಏನೋ ಬದಲಾಗುತ್ತಿರಬೇಕಲ್ಲ? ಪರ್ಮೆನಿಡೀಸನಿಗೂ ಇದಕ್ಕೆ ಉತ್ತರವಿರಲಿಲ್ಲ.

ಎರಡನೆಯದರಲ್ಲಿ ನೀವೇ ಸರಿ, ತಪ್ಪು ನನ್ನದು. ಆ ರೂಪದಲ್ಲಿ ಆ ಮಾತು ಬರುವುದು ಪ್ಲೇಟೋನ ‘ಕ್ರಾಟಿಲಸ್’ ಸಂವಾದದಲ್ಲಿ. ಹೆರಾಕ್ಲಿಟಸ್ ಹಾಗೆ ಹೇಳುತ್ತಾನೆಂದು ಸಾಕ್ರಟೀಸ್ ಅಲ್ಲಿ ಹೇಳುತ್ತಾನೆ. ಹೆರಾಕ್ಲಿಟಸನದೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುವ ವಾಕ್ಯ ಇದಕ್ಕಿಂತ ಮೆದುವಾದದ್ದು: ಅವೇ ನದಿಗಳಿಗೆ ಇಳಿಯುವವರ ಮೇಲೆ ಬೇರೆ ಬೇರೆ ನೀರು ಹರಿದುಬರುತ್ತದೆ. ‘ಅವೇ ನದಿಗಳು’ ಎಂಬುದನ್ನು ಗಮನಿಸಿ. ಇಲ್ಲಿ ನದಿ ಉಳಿಯುತ್ತದೆ, ನೀರು ಬದಲಾಗುತ್ತದೆ. ಪ್ಲೇಟೋನ ಸಂವಾದಕ್ಕೆ ಹೆಸರು ಕೊಟ್ಟ ಕ್ರಾಟಿಲಸನಾದರೋ ಇನ್ನೂ ಮುಂದೆ ಹೋಗಿ, ಒಂದೇ ನದಿಗೆ ಒಂದು ಬಾರಿಯೂ ಇಳಿಯಲಾಗದು ಎಂದು ಹೆರಾಕ್ಲಿಟಸನನ್ನೇ ಟೀಕಿಸಿದನೆಂದೂ, ಎಲ್ಲವೂ ಬದಲಾಗುತ್ತಿರುವಾಗ ಯಾವುದಕ್ಕೂ ಹೆಸರು ಅಂಟುವುದಿಲ್ಲವೆಂದು ಕೊನೆಗೆ ಮಾತಾಡುವುದನ್ನೇ ಬಿಟ್ಟು ಬೆರಳನ್ನಷ್ಟೇ ಆಡಿಸುತ್ತಿದ್ದನೆಂದೂ ಅರಿಸ್ಟಾಟಲ್ ಬರೆದಿಟ್ಟಿದ್ದಾನೆ.